ಎಂಟು ಗುಂಡಿ, ಇಬ್ಬರು ಚಿಕ್ಕಪ್ಪಂದಿರು

ವಿಂಡೋಸ್ 98ರಲ್ಲಿ ಫೋನ್ ಡಯಲರ್ ಅಂತ ಒಂದು ಪುಟ್ಟ ಪ್ರೋಗ್ರಾಂ ಇತ್ತು, ನೆನಪಿದೆಯಾ? ಆಕ್ಸೆಸರೀಸ್ ಒಳಗೆ ಕಮ್ಯುನಿಕೇಷನ್ಸ್, ಅದರೊಳಗೆ ಇದು. ತೆರೆದರೆ ಅಂಕಿಗಳ ಪಕ್ಕದಲ್ಲಿ 8 ಗುಂಡಿ. ಒಂದೊಂದಕ್ಕೂ ಒಂದು ಹೆಸರು, ಒಂದು ನಂಬರ್. ಗುಂಡಿ ಒತ್ತಿದರೆ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮೇ ಡಯಲ್ ಮಾಡುತ್ತದೆ, ನೀವು ರಿಸೀವರ್ ಎತ್ತಿಕೊಂಡು ಪರದೆ ಮೇಲಿನ 'ಟಾಕ್' ಒತ್ತಬೇಕು. ಅಂದರೆ ಎದುರು ಬೀದಿಯವರಿಗೆ ಫೋನ್ ಮಾಡಬೇಕಾದರೂ ಮೊದಲು ಕಂಪ್ಯೂಟರ್ ಆನ್ ಮಾಡಿ, ಅದು ಮೈಮುರಿದು ಏಳುವವರೆಗೆ ಕಾದು, ಮೌಸ್ ಸರಿ ಮಾಡಿಕೊಂಡು... ಅಷ್ಟು ಹೊತ್ತಿಗೆ ಅವರ ಮನೆಗೇ ಹೋಗಿ ಕಾಫಿ ಕುಡಿದು ಬರಬಹುದಿತ್ತು. ಆದರೆ ಇಂಟರ್ನೆಟ್ಟಿಗೆ ಅಂತ ಮೋಡೆಮ್ ತಂದಿದ್ದ ಅಣ್ಣನಿಗೆ ಇದನ್ನು ಹೇಳುವವರ್ಯಾರು?

ಅದುವರೆಗೆ ನಮ್ಮ ಮೈಸೂರಿನ ಮನೆಯ ಡೈರೆಕ್ಟರಿ ಅಂದರೆ ಯಾವುದೋ ಹಳೇ ವರ್ಷದ ಡೈರಿ. ಅದರಲ್ಲಿ ಅಪ್ಪನದೇ ಒಂದು ಕ್ರಮ. ಪ್ಲಂಬರ್ ನಂಬರ್ ಬೇಕಾದರೆ ಜೂನ್ ತಿಂಗಳು ತೆಗೆಯಬೇಕು, ಯಾಕೆಂದರೆ ಪೈಪ್ ಒಡೆದದ್ದು ಜೂನಿನಲ್ಲಿ. ಸ್ವಂತ ಫೋನ್ ಇಲ್ಲದವರ ಹೆಸರಿನ ಮುಂದೆ 'ಪಿ.ಪಿ.' ಅಂತ ಹಾಕಿ ಪಕ್ಕದ ಮನೆಯವರ ನಂಬರ್, ಕೆಳಗೆ ಸಣ್ಣಕ್ಷರದಲ್ಲಿ 'ರಾತ್ರಿ 9ರ ಮೇಲೆ ಬೇಡ, ಅವರ ಮನೆಯಾಕೆ ರೇಗುತ್ತಾರೆ'. ಇಂಥದ್ದಕ್ಕೆಲ್ಲ ಫೋನ್ ಡಯಲರಿನಲ್ಲಿ ಜಾಗವೇ ಇರಲಿಲ್ಲ.

8 ಗುಂಡಿ ಯಾರ್ಯಾರಿಗೆ ಅನ್ನುವಾಗ ಮನೆಯಲ್ಲಿ ಸಂಪುಟ ರಚನೆಯೇ ನಡೆಯಿತು. ಅಮ್ಮನ ತವರಿಗೆ ಎರಡು. ಹಾಗಾದರೆ ಅಪ್ಪನ ಕಡೆಗೂ ಎರಡು, ಇಲ್ಲದಿದ್ದರೆ ಅಪ್ಪ ಊಟ ಬಿಡುತ್ತಾರೆ. ಗ್ಯಾಸಿನವರಿಗೆ ಅಮ್ಮನ ಬೆಂಬಲ, ಭಜನಾ ಮಂಡಳಿಗೆ ಅಜ್ಜಿಯ ಬೆಂಬಲ, ಉಳಿದೆರಡು ಗುಂಡಿಗೆ ಅಣ್ಣನ ಸ್ನೇಹಿತರು ಸುಮ್ನೆ ಬಂದು ಕೂತರು. ಡಾಕ್ಟರು ಹೊರಗುಳಿದರು. ಅವರ ಪರ ಮಾತಾಡೋಕೆ ಯಾರೂ ಇರಲಿಲ್ಲ.

ಆಗಿನ ವಿಂಡೋಸಿಗೆ ಕನ್ನಡ ಗೊತ್ತಿರಲಿಲ್ಲ, ಅದಕ್ಕೆ ಎಕ್ಸ್‌ಪಿ ಬರಬೇಕಾಯಿತು. ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಅದರ ಮೇಲೆ ಅಣ್ಣನ ಸೋಮಾರಿತನ ಬೇರೆ, 'ಚಿಕ್ಕಪ್ಪ 1', 'ಚಿಕ್ಕಪ್ಪ 2' ಅಂತ ಟೈಪ್ ಮಾಡಿ ಎದ್ದುಹೋದ. ಒಬ್ಬರು ಶಿವಮೊಗ್ಗದವರು, ಇನ್ನೊಬ್ಬರು ಸಾಗರದವರು. ಬೇರೆ ಊರಿಗೆ ಫೋನ್ ಮಾಡುವಾಗ ಮೊದಲು ಒತ್ತುವ ಎಸ್‌ಟಿಡಿ ಕೋಡಿನಲ್ಲೂ ಒಂದೇ ಅಂಕಿ ವ್ಯತ್ಯಾಸ, 08182 ಮತ್ತು 08183. ಆದರೆ ಸಾಗರದ ಚಿಕ್ಕಪ್ಪನಿಗೂ ನಮಗೂ ಅಡಿಕೆ ತೋಟದ ಬೇಲಿ ವಿಷಯದಲ್ಲಿ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಹಾಗಿದ್ದೂ ಅವರಿಗೇಕೆ ಗುಂಡಿ ಅಂತೀರಾ? ಅಪ್ಪನ ಕಡೆಯ ಕೋಟಾ ತುಂಬಬೇಕಿತ್ತಲ್ಲ!

ಯುಗಾದಿಯ ದಿನ ಅಮ್ಮ ಶಿವಮೊಗ್ಗಕ್ಕೆ ಅಂದುಕೊಂಡು 'ಚಿಕ್ಕಪ್ಪ 2' ಒತ್ತಿದರು. ಮೋಡೆಮ್ಮಿನ ಪುಟ್ಟ ಸ್ಪೀಕರಿನಿಂದ "ಹಲೋ, ಯಾರು?" ಅಂತ ದನಿ ಬಂತು. ಅಪ್ಪ ಪೇಪರ್ ಕೆಳಗಿಟ್ಟರು. ಅವರಿಗೆ ತಮ್ಮನ ದನಿ ಗೊತ್ತಾಗಿತ್ತು. ಅಮ್ಮನಿಗೆ ಆಗಲಿಲ್ಲ, ರಿಸೀವರ್ ಎತ್ತಿ 'ಟಾಕ್' ಒತ್ತಿ, "ಬೇವು ಬೆಲ್ಲ ಆಯ್ತೇನಪ್ಪಾ, ಮಕ್ಕಳೆಲ್ಲ ಹೇಗಿದ್ದಾರೆ, ಒಬ್ಬಟ್ಟು ಮಾಡಿದ್ರಾ?" ಅಂತ ಒಂದೇ ಉಸಿರಿಗೆ ಶುರು ಮಾಡಿದರು. ಆ ಕಡೆಯಿಂದ, "ಅತ್ತಿಗೆ, ಕೊನೆಗೂ ನೀವಾದ್ರೂ ನೆನಪು ಮಾಡ್ಕೊಂಡ್ರಲ್ಲ. ಅಣ್ಣನಿಗಂತೂ ಆ ಬುದ್ಧಿ ಬರಲಿಲ್ಲ."

ಅಮ್ಮನ ಮುಖ ನೋಡಬೇಕಿತ್ತು. ಇಡುವ ಹಾಗಿಲ್ಲ, ಹಬ್ಬದ ದಿನ. ಮಾತಾಡುವ ಹಾಗೂ ಇಲ್ಲ, ಎದುರಿಗೇ ಅಪ್ಪ. ಚಿಕ್ಕಪ್ಪ ತೋಟ, ಮಂಗನ ಕಾಟ, ಅಡಿಕೆ ರೇಟು ಎಲ್ಲವನ್ನೂ ನಿಧಾನಕ್ಕೆ ಹೇಳುತ್ತಾ ಹೋದರು, ಅಮ್ಮ "ಹೂಂ" ಅನ್ನುತ್ತಾ ಹೋದರು, ಅಪ್ಪ ಗಡಿಯಾರ ನೋಡುತ್ತಾ ಎಸ್‌ಟಿಡಿ ದುಡ್ಡಿನ ಲೆಕ್ಕ ಹಾಕಿದರು.

ಆ ಸಂಜೆ ಅಪ್ಪ ಅಣ್ಣನನ್ನು ಕೂರಿಸಿ ಕೇಳಿದರು, ಇದರಲ್ಲಿ ಯಾರ್ಯಾರಿಗೆ ಕಾಲ್ ಹೋಗಿದೆ ಅಂತ ಗೊತ್ತಾಗತ್ತಾ? ಅಣ್ಣ ಉತ್ಸಾಹದಿಂದ ಲಾಗ್ ತೆರೆದು ತೋರಿಸಿದ. ಯುಗಾದಿಯ ಕಾಲ್ ಇತ್ತು. ಅದರ ಜೊತೆಗೆ ರಾತ್ರಿ 11ರ ಮೇಲೆ ಮತ್ತೆ ಮತ್ತೆ ಒಂದೇ ನಂಬರಿಗೆ ಹೋದ ಕಾಲ್‌ಗಳೂ ಇದ್ದವು. ಆ ನಂಬರ್ ಡೈರಿಯ ಯಾವ ತಿಂಗಳಲ್ಲೂ ಇರಲಿಲ್ಲ. ಆಮೇಲೆ ನಡೆದದ್ದು ಬೇಡ ಬಿಡಿ, ಈಗ ಅವರು ನಮ್ಮ ಅತ್ತಿಗೆ.

ಮುಂದೆ ಊರೂರಲ್ಲೂ ಲ್ಯಾಂಡ್‌ಲೈನ್ ನಂಬರುಗಳಿಗೆ ಮುಂದೊಂದು 2 ಸೇರಿತು. ಮೈಸೂರಿನ 6 ಅಂಕಿ 7 ಆಯಿತು, ಬೆಂಗಳೂರಿನ 7 ಅಂಕಿ 8 ಆಯಿತು. ಅಪ್ಪ ಡೈರಿಯ ಮೊದಲ ಪುಟದಲ್ಲಿ 'ಎಲ್ಲದಕ್ಕೂ ಮೊದಲು 2 ಸೇರಿಸಿಕೊಳ್ಳುವುದು' ಅಂತ ಬರೆದು ಪೆನ್ನು ಮುಚ್ಚಿದರು. ಅಣ್ಣ ಒಂದೊಂದೇ ಗುಂಡಿ ತೆರೆದು ತಿದ್ದುತ್ತಾ ಕೂತ. ಚಿಕ್ಕಪ್ಪ 2ಕ್ಕೆ ಮಾತ್ರ 2 ಸೇರಿಸಬೇಡ ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದರು.