ಆನ್‌ಲೈನ್ ತರಬೇತಿಯ ಆ ಕಡೆ ಯಾರಿದ್ದಾರೆ?

ಶಾಲಾ ಶಿಕ್ಷಕರಿಗೆ ಆನ್‌ಲೈನ್ ತರಬೇತಿ ಬೇಕೋ ಬೇಡವೋ ಅನ್ನುವ ಚರ್ಚೆ ಈಗ ಉಳಿದಿಲ್ಲ. 2017ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ವೇದಿಕೆ ದೀಕ್ಷಾ ಬಂತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರದ ಶಿಕ್ಷಕರ ತರಬೇತಿ ಕಾರ್ಯಕ್ರಮ ನಿಷ್ಠಾ, ದೀಕ್ಷಾ ಮೂಲಕ ಆನ್‌ಲೈನ್ ಆಯಿತು. ಅದೇ ವರ್ಷ ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕು ಎಂದಿತು. ಅದರಲ್ಲಿ ದೊಡ್ಡ ಪಾಲು ಮೊಬೈಲಿನಲ್ಲೇ ನಡೆಯುತ್ತದೆ. ಅದು ಸರಿ. ನನ್ನ ಪ್ರಶ್ನೆ ಬೇರೆ. ಟೀಚರ್ ಕೋರ್ಸ್ ತೆರೆದು ಕೂತಾಗ ಪರದೆಯ ಆ ಕಡೆ ಯಾರಾದರೂ ಇದ್ದಾರಾ?

ನಾನು ರಾಯಚೂರು ಜಿಲ್ಲೆಯವನು. ಕೆಲಸಕ್ಕೆಂದು ಕೋಳಿಕ್ಕೋಡಿಗೆ ಬಂದು ಬಹಳ ವರ್ಷವಾಯಿತು. ನಾನು ಮಾಸ್ತರ ಅಲ್ಲ, ಆದರೆ ನಮ್ಮದು ಮಾಸ್ತರರ ಮನೆ. ಅಪ್ಪ ಹಳ್ಳಿ ಶಾಲೆಯಲ್ಲಿದ್ದರು. ಅಕ್ಕ ಈಗಲೂ ಊರ ಕಡೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಇಲ್ಲಿ ನಮ್ಮ ಪಕ್ಕದ ಮನೆಯವರು ಸರ್ಕಾರಿ ಹೈಸ್ಕೂಲಿನ ಗಣಿತ ಟೀಚರ್. ಇಬ್ಬರೂ ತರಬೇತಿಯ ಮಾತು ಆಡುತ್ತಲೇ ಇರುತ್ತಾರೆ. ಒಂದೇ ದೇಶ, ಅಕ್ಕಪಕ್ಕದ ರಾಜ್ಯ, ಹೆಚ್ಚುಕಮ್ಮಿ ಒಂದೇ ಸಂಬಳ. ಆದರೆ ಆ ಮಾತುಗಳಲ್ಲಿ ಇರುವ ವ್ಯತ್ಯಾಸ ನನ್ನನ್ನು ಕಾಡುತ್ತದೆ.

ಅಕ್ಕನ ಮಾತಿನಲ್ಲಿ ಬರುವುದು ಲಿಂಕ್, ಕೊನೆಯ ದಿನಾಂಕ, ಸರ್ಟಿಫಿಕೇಟ್. ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಬರುತ್ತದೆ. ಹಿಂದೆಯೇ ‘ಇಂದು ಸಂಜೆಯೊಳಗೆ ಎಲ್ಲರೂ ಸೇರಬೇಕು’ ಅನ್ನುವ ಸೂಚನೆ. ಆಮೇಲೆ ಯಾರು ಮುಗಿಸಿಲ್ಲ ಅನ್ನುವ ಪಟ್ಟಿ. ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿಯ ಎಂಟ್ರಿ, ಮತದಾರರ ಪಟ್ಟಿಯ ಬಿಎಲ್‌ಓ ಕೆಲಸ ಎಲ್ಲ ಮುಗಿಸಿ ರಾತ್ರಿ ಅಡಿಗೆಮನೆಯಲ್ಲಿ ಮೊಬೈಲ್ ಒರಗಿಸಿಟ್ಟು ವಿಡಿಯೋ ಓಡಿಸುತ್ತಾಳೆ. ಕೊನೆಗೆ ಒಂದು ಪರೀಕ್ಷೆ, ನಾಲ್ಕರಲ್ಲಿ ಒಂದು ಉತ್ತರ ಆರಿಸುವುದು. ಉತ್ತರಗಳು ಅಷ್ಟು ಹೊತ್ತಿಗೆ ಯೂಟ್ಯೂಬಿನಲ್ಲಿ ಇರುತ್ತವೆ. 70 ಶೇಕಡಾ ಬಂದರೆ ಸರ್ಟಿಫಿಕೇಟ್. ಅವಳು ಸೋಮಾರಿಯಲ್ಲ. ಭಿನ್ನರಾಶಿ ಹೇಗೆ ಹೇಳಿಕೊಡಲಿ ಅಂತ ತಲೆ ಕೆಡಿಸಿಕೊಂಡು ಕಾಗದ ಕತ್ತರಿಸುತ್ತ ಕೂರುವವಳು. ಆದರೆ ಅವಳ ಆ ತಲೆನೋವನ್ನು ಕೇಳುವವರು ಕೋರ್ಸಿನೊಳಗೆ ಯಾರೂ ಇಲ್ಲ. ನಾಲ್ಕನೇ ತರಗತಿ, ಐದನೇ ತರಗತಿ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡರೆ ಇದನ್ನು ಹೇಗೆ ಮಾಡುವುದು ಎಂದು ಅವಳು ಯಾರನ್ನು ಕೇಳಬೇಕು? ವಿಡಿಯೋವನ್ನಾ?

ಪಕ್ಕದ ಮನೆಯ ಟೀಚರ್ ಮಾತಿನಲ್ಲಿ ಬರುವುದು ಜನ. ಕೇರಳದಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಇದೆ. ಶಾಲೆಗಳಲ್ಲಿ ತಂತ್ರಜ್ಞಾನದ ಕೆಲಸ ಅದರದ್ದು. ಅದು ನಡೆಸುವ ಆನ್‌ಲೈನ್ ಕಲಿಕೆಯ ವೇದಿಕೆಯ ಹೆಸರು ಕೂಲ್. ಅದರಲ್ಲೂ ವಿಡಿಯೋ ಇದೆ, ಪಾಠ ಇದೆ. ಜೊತೆಗೆ ಕಲಿಯುವವರನ್ನು 20 ಜನರ ಸಣ್ಣ ಗುಂಪು ಮಾಡಿ ಒಬ್ಬೊಬ್ಬ ಮೆಂಟರ್ ಕೊಡುತ್ತಾರೆ. ಕೊಟ್ಟ ಕೆಲಸ ಮಾಡಿ ಕಳಿಸಬೇಕು, ಮೆಂಟರ್ ನೋಡಿ ಹೇಳುತ್ತಾರೆ. ಕೊನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮಾಡಿ ತೋರಿಸಬೇಕು. ಹೊಸದಾಗಿ ಸೇರಿದ ಶಿಕ್ಷಕರ ಪ್ರೊಬೇಷನ್ ಮುಗಿಯಲು ಈ ಕೋರ್ಸ್ ಬೇಕು. ಹಾಗಾಗಿ ಕಡ್ಡಾಯ ಅನ್ನುವುದು ಅಲ್ಲೂ ಇದೆ. ಬೇಜಾರಿನಿಂದ ಮಾಡುವವರೂ ಇದ್ದಾರೆ. ಆದರೂ ತನ್ನ ಕೆಲಸವನ್ನು ಇನ್ನೊಬ್ಬ ಮನುಷ್ಯ ತೆರೆದು ನೋಡುತ್ತಾನೆ ಅಂತ ಗೊತ್ತಿದ್ದರೆ ಕಳಿಸುವವರ ಕೈ ಬೇರೆ ರೀತಿ ಓಡುತ್ತದೆ ಅಲ್ವಾ?

ಆ ಮೆಂಟರ್ ಯಾರು ಅನ್ನುವುದು ಇನ್ನೂ ಮುಖ್ಯ. ಕೈಟ್‌ನ ಮಾಸ್ಟರ್ ಟ್ರೈನರ್‌ಗಳು ಶಾಲೆಗಳಿಂದಲೇ ಬಂದ ಶಿಕ್ಷಕರು. ಜೊತೆಗೆ ಹೈಸ್ಕೂಲುಗಳಲ್ಲಿ ಐಟಿ ಕೋಆರ್ಡಿನೇಟರ್ ಅಂತ ಒಬ್ಬರು ಇರುತ್ತಾರೆ. ಅವರೂ ಅದೇ ಶಾಲೆಯ ಶಿಕ್ಷಕರೇ. ಪಕ್ಕದ ಮನೆಯ ಟೀಚರ್ ಗಣಿತದ ಸಾಫ್ಟ್‌ವೇರ್ ಜಿಯೋಜೀಬ್ರಾದಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಮೊದಲು ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಅಲ್ಲಿ ಆಗದಿದ್ದರೆ ಜಿಲ್ಲೆಯ ಟ್ರೈನರ್‌ಗೆ ಫೋನ್ ಮಾಡುತ್ತಾರೆ. ಯಾರನ್ನು ಕೇಳಬೇಕು ಅಂತ ಅವರಿಗೆ ಗೊತ್ತು. ನನ್ನ ಅಕ್ಕನಿಗೆ ಗೊತ್ತಿಲ್ಲ. ನನ್ನ ಮಟ್ಟಿಗೆ ಎರಡು ರಾಜ್ಯಗಳ ನಡುವಿನ ನಿಜವಾದ ಅಂತರ ಇದು. ಬಜೆಟ್ಟು, ಸಾಫ್ಟ್‌ವೇರು ಎಲ್ಲ ಆಮೇಲಿನ ಮಾತು.

2024ರ ಮೇ ತಿಂಗಳಲ್ಲಿ ಕೈಟ್ 80,000 ಶಿಕ್ಷಕರಿಗೆ ಕೃತಕ ಬುದ್ಧಿಮತ್ತೆಯ ತರಬೇತಿ ಶುರು ಮಾಡಿತು. ಇಂಥ ವಿಷಯಕ್ಕೆ ಆನ್‌ಲೈನ್ ಕೋರ್ಸ್ ಸಾಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಅವರು ಮೂರು ದಿನ, 25 ಜನರ ತಂಡ, ಮುಖಾಮುಖಿ, ಎಲ್ಲರ ಮುಂದೆ ಲ್ಯಾಪ್‌ಟಾಪ್ ಅಂತ ಮಾಡಿದರು. ಎಲ್ಲಿ ಆನ್‌ಲೈನ್ ಸಾಲುತ್ತದೆ, ಎಲ್ಲಿ ಸಾಲುವುದಿಲ್ಲ ಎಂದು ಯಾರೋ ಕೂತು ಯೋಚಿಸಿದ್ದಾರೆ.

ಕೇರಳವನ್ನು ಸುಮ್ನೆ ಹೊಗಳುವುದು ನನ್ನ ಉದ್ದೇಶವಲ್ಲ. ಇದು ಚಿಕ್ಕ ರಾಜ್ಯ. ಕರ್ನಾಟಕದ ಐದನೇ ಒಂದು ಭಾಗದಷ್ಟು ನೆಲ. ಯಾವ ಟ್ರೈನರ್ ಆದರೂ ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಜಿಲ್ಲೆಯ ಯಾವ ಶಾಲೆಗಾದರೂ ಮುಟ್ಟಬಹುದು. ನಮ್ಮಲ್ಲಿ ಏಕೋಪಾಧ್ಯಾಯ ಶಾಲೆಗಳು ಜಾಸ್ತಿ, ಅಲ್ಲಿನ ಶಿಕ್ಷಕರು ತರಬೇತಿಗೆ ಹೊರಟರೆ ಶಾಲೆಗೆ ಬೀಗ ಬೀಳುತ್ತದೆ. ಇಲ್ಲಿ ಕೇರಳದಲ್ಲೂ ಶನಿವಾರದ ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ತರಬೇತಿಯ ಬಗ್ಗೆ ಶಿಕ್ಷಕರ ಸಂಘಗಳು ಜಗಳ ತೆಗೆದಿವೆ. ರಜೆಯ ದಿನ ಯಾಕೆ ಕಿತ್ತುಕೊಳ್ಳುತ್ತೀರಿ ಅನ್ನುವ ಅವರ ಪ್ರಶ್ನೆಯಲ್ಲಿ ನ್ಯಾಯವಿದೆ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಕೇರಳದ ಈ ಹಾದಿಗೆ ನಕ್ಷೆ ಬರೆದವರಲ್ಲಿ ಒಬ್ಬ ಕನ್ನಡಿಗರಿದ್ದಾರೆ. ಕೈಟ್‌ಗೆ ಮೊದಲಿದ್ದ ಐಟಿ ಅಟ್ ಸ್ಕೂಲ್ ಯೋಜನೆ 2001ರ ಹೊತ್ತಿಗೆ ಶುರುವಾಯಿತು. ಅದು ಹುಟ್ಟಿದ್ದು ಒಂದು ಕಾರ್ಯಪಡೆಯ ವರದಿಯಿಂದ. ಆ ಕಾರ್ಯಪಡೆಯ ಅಧ್ಯಕ್ಷರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್, ಇಸ್ರೋದ ಅಧ್ಯಕ್ಷರಾಗಿದ್ದವರು. ಪಕ್ಕದ ಮನೆಯವರಿಗೆ ಇದನ್ನು ಹೇಳುವಾಗ ನನಗೆ ನಿಜವಾಗಿ ಹೆಮ್ಮೆಯಾಯಿತು.

ಹಾಗಾದರೆ ನಮ್ಮಲ್ಲಿ ಏನೂ ಇರಲಿಲ್ಲವಾ? ಇತ್ತು. ಬೇಕಾದಷ್ಟಿತ್ತು. ಬೇರೆಯವರಿಗಿಂತ ಮೊದಲೇ ಇತ್ತು.

1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿವಿ ಬಂದದ್ದೇ ಹಾಗೆ. ಆ ಟಿವಿಯಲ್ಲಿ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಕಲಿಸುವ 12 ದಿನದ ತರಬೇತಿಯೂ ನಡೆಯಿತು. ಆರು ರಾಜ್ಯ ಸೇರಿ ಒಂದು ಸುತ್ತಿಗೆ ಸುಮಾರು 24,000 ಶಿಕ್ಷಕರಂತೆ ಎರಡು ಸುತ್ತು. ಅಪ್ಪ ಅದರಲ್ಲಿ ಕೂತಿದ್ದರು. ಟಿವಿಯಲ್ಲಿ ಏನು ತೋರಿಸಿದರು ಎಂದರೆ ಅವರಿಗೆ ಅರ್ಧಂಬರ್ಧ ನೆನಪು. ಟಿವಿ ಆರಿಸಿದ ಮೇಲೆ ಲೋಟ, ನೀರು, ಕಾಗದ ಇಟ್ಟುಕೊಂಡು ಅಲ್ಲಿದ್ದ ಮಾಸ್ತರರೆಲ್ಲ ಸೇರಿ ಮಾಡಿದ ಪ್ರಯೋಗ, ಆಡಿದ ವಾದ ಮಾತ್ರ ಪೂರ್ತಿ ನೆನಪಿತ್ತು. ಆ ತರಬೇತಿ ಟಿವಿಯೊಂದರ ಮೇಲೆ ನಿಂತಿರಲಿಲ್ಲ. ಜೊತೆಗೆ ರೇಡಿಯೋ ಇತ್ತು, ಅಚ್ಚಾದ ಕೈಪಿಡಿ ಇತ್ತು, ಕೇಂದ್ರದಲ್ಲಿ ಕೂತು ನಡೆಸಿಕೊಡಲು ಒಬ್ಬರಿದ್ದರು.

1996ರ ಜನವರಿಯಲ್ಲಿ ಮತ್ತೊಂದು ಪ್ರಯೋಗ. ಈ ಸಲ ಡಯಟ್‌ಗಳಲ್ಲಿ, ಅಂದರೆ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ. ರಾಜ್ಯದ 20 ಕೇಂದ್ರಗಳಲ್ಲಿ ಸುಮಾರು 850 ಪ್ರಾಥಮಿಕ ಶಿಕ್ಷಕರು ಏಳು ದಿನ ಉಪಗ್ರಹದ ಮೂಲಕ ತರಬೇತಿ ಪಡೆದರು. ಚಿತ್ರ ಒಂದೇ ಕಡೆಯಿಂದ, ಮಾತು ಎರಡೂ ಕಡೆಯಿಂದ. ಅಂದರೆ ಶಿಕ್ಷಕರು ಫೋನ್ ಎತ್ತಿ ತಜ್ಞರನ್ನು ನೇರವಾಗಿ ಕೇಳಬಹುದಿತ್ತು. ಇಂಟರ್‌ನೆಟ್ ಮನೆಗೆ ಬರುವ ಮೊದಲಿನ ಮಾತಿದು. ಆಗ ಇದ್ದ ಆ ಫೋನು ಇವತ್ತಿನ ಕೋರ್ಸುಗಳಲ್ಲಿ ಯಾಕಿಲ್ಲ? ಈಗಂತೂ ಪ್ರತಿ ಶಿಕ್ಷಕರ ಕೈಯಲ್ಲೂ ಫೋನಿದೆ.

ತಂತ್ರಜ್ಞಾನದ ಮಾತು ಬಿಡಿ. ಮಕ್ಕಳು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ ನಲಿ ಕಲಿ ಪದ್ಧತಿ ಹೇಗೆ ಹುಟ್ಟಿತು? 1995ರ ಹೊತ್ತಿಗೆ ಎಚ್.ಡಿ. ಕೋಟೆಯ ಶಿಕ್ಷಕರು ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ಕಣ್ಣಾರೆ ಕಂಡು ಬಂದರು. ಬಂದು ಕೂತು ತಮ್ಮ ಮಕ್ಕಳಿಗೆ ಒಗ್ಗುವಂತೆ ಕಾರ್ಡುಗಳನ್ನು ತಾವೇ ಬರೆದರು. ಮುಂದೆ ಅದು ಇಡೀ ರಾಜ್ಯಕ್ಕೆ ಹರಡಿತು. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ ಶಿಕ್ಷಕರು ಶಾಲೆ ಬಿಟ್ಟ ಮೇಲೆ ತಾವಾಗಿಯೇ ಸೇರಿ ಚರ್ಚೆ ಮಾಡುವ ವೇದಿಕೆಗಳು ಬೆಳೆದವು. ಯಾವ ಆದೇಶವೂ ಇರಲಿಲ್ಲ, ಟಿಎ ಡಿಎ ಕೂಡ ಇರಲಿಲ್ಲ. ರಾಜ್ಯದ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿಯ ಗುರುಚೇತನ ಕಾರ್ಯಕ್ರಮದಲ್ಲಿ ಯಾವ ಮಾಡ್ಯೂಲ್ ಬೇಕು ಅಂತ ಶಿಕ್ಷಕರೇ ಆರಿಸಿಕೊಳ್ಳಬಹುದಿತ್ತು. ನನಗೆ ಬೇಕಾದದ್ದನ್ನು ಕೇಳಿದರು ಅನ್ನುವುದೇ ಒಂದು ಗೌರವ. ಕನ್ನಡದಲ್ಲೇ ಮುಕ್ತ ಸಂಪನ್ಮೂಲ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಪಾಠ ಸಾಮಗ್ರಿ, ಕಟ್ಟಿದ ಕೋಯರ್ ಜಾಲತಾಣ ಇದೆ. ಅದಕ್ಕೆ ನಮ್ಮ ಹೈಸ್ಕೂಲ್ ಶಿಕ್ಷಕರೇ ಬರೆದರು. ದೀಕ್ಷಾ ನಿಂತಿರುವ ಸನ್‌ಬರ್ಡ್ ಎಂಬ ತಂತ್ರಾಂಶ ಕೂಡ ಬೆಂಗಳೂರಿನ ಏಕ್‌ಸ್ಟೆಪ್ ಸಂಸ್ಥೆಯದ್ದು.

ಬುದ್ಧಿ, ಭಾಷೆ, ತಂತ್ರಾಂಶ, ಹುಮ್ಮಸ್ಸಿನ ಶಿಕ್ಷಕರು, ಎಲ್ಲ ನಮ್ಮಲ್ಲೇ ಇದೆ. ಆದರೆ 2020ರಲ್ಲಿ ಕೊರೋನಾದ ಗಡಿಬಿಡಿಯಲ್ಲಿ ಎಲ್ಲವನ್ನೂ ಆನ್‌ಲೈನ್ ಮಾಡಿದಾಗ ವಿಡಿಯೋ ಉಳಿಯಿತು, ಮನುಷ್ಯರು ಬಿಟ್ಟುಹೋದರು. ಆಗ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಕೊರೋನಾ ಮುಗಿದ ಮೇಲೂ ಹಾಗೇ ಮುಂದುವರಿದದ್ದು ನನಗೆ ಬೇಸರ. ಮಸಾಲೆ ಇಲ್ಲದ ಸಾರಿನ ಹಾಗೆ, ಬಿಸಿ ಇದೆ, ತಟ್ಟೆಗೂ ಬೀಳುತ್ತದೆ, ಊಟ ಮಾತ್ರ ಸೇರುವುದಿಲ್ಲ.

ಸಮಯದ ಲೆಕ್ಕವನ್ನೂ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ವಾರದ ಕೆಲಸ 45 ಗಂಟೆ. ಪಾಠದ ತಯಾರಿಯೂ ಅದರೊಳಗೇ ಸೇರಿದೆ. ವರ್ಷಕ್ಕೆ 50 ಗಂಟೆ ಕಲಿಕೆ ಎಂದರೆ, ಶಾಲೆ ನಡೆಯುವ ಸುಮಾರು 40 ವಾರಗಳಿಗೆ ಹಂಚಿದರೆ ವಾರಕ್ಕೆ ಒಂದೂಕಾಲು ಗಂಟೆ. ಅಷ್ಟನ್ನು ಆ 45 ಗಂಟೆಯೊಳಗೆ, ವೇಳಾಪಟ್ಟಿಯಲ್ಲೇ ಬರೆದು ಕೊಡಲು ಆಗುವುದಿಲ್ಲವೇ? ಕೆಲಸಕ್ಕೆ ಬೇಕಾದ ಕಲಿಕೆ ಕೆಲಸದ ಹೊತ್ತಿನಲ್ಲೇ ನಡೆಯಬೇಕು. ನಾನು ದುಡಿಯುವ ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಬಂದರೆ ಕಚೇರಿ ವೇಳೆಯಲ್ಲೇ ಕಲಿಸುತ್ತಾರೆ. ರಾತ್ರಿ ಮನೆಯಲ್ಲಿ ಕಲಿತುಕೊಂಡು ಬಾ ಅನ್ನುವುದಿಲ್ಲ. ಅಕ್ಕನಿಗೆ ಮಾತ್ರ ಯಾಕೆ ಆ ನಿಯಮ?

ನನಗೆ ಬೇಕಾದ್ದು ದೊಡ್ಡದೇನಲ್ಲ. ನಮ್ಮಲ್ಲಿ ಕ್ಲಸ್ಟರ್ ಇದೆ, ಅದರ ಶಾಲೆಗಳಿಗೆ ನೆರವಾಗುವ ಸಿಆರ್‌ಪಿ ಇದ್ದಾರೆ, ತಿಂಗಳ ಸಮಾಲೋಚನಾ ಸಭೆ ಇದೆ. ಆ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಕಡಿಮೆ ಮಾಡಿ, ಆ ತಿಂಗಳ ಆನ್‌ಲೈನ್ ಪಾಠವನ್ನು ಯಾರು ತರಗತಿಯಲ್ಲಿ ಮಾಡಿ ನೋಡಿದರು, ಎಲ್ಲಿ ಕೆಟ್ಟಿತು ಎಂದು ಮಾತಾಡಬಹುದು. 20 ಜನಕ್ಕೆ ಒಬ್ಬ ಮೆಂಟರ್ ಬೇಕು, ಆ ಮೆಂಟರ್ ಇವತ್ತೂ ಪಾಠ ಮಾಡುತ್ತಿರುವ ಶಿಕ್ಷಕರಾಗಿರಬೇಕು. ಅವರಿಗೆ ಆ ಕೆಲಸಕ್ಕೆ ಸಮಯವನ್ನೂ ಕೊಡಬೇಕು. ಬಹು ಆಯ್ಕೆ ಪ್ರಶ್ನೆಯ ಜಾಗದಲ್ಲಿ ಮಕ್ಕಳ ನೋಟ್‌ಬುಕ್ಕಿನ ಎರಡು ಪುಟದ ಫೋಟೋ ಕೇಳಿ. ಮಗು ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಶಿಕ್ಷಕರು ನಾಲ್ಕು ಸಾಲು ಬರೆಯಲಿ. ಅದರ ಉತ್ತರ ಯೂಟ್ಯೂಬಿನಲ್ಲಿ ಸಿಗುವುದಿಲ್ಲ.

ಮತ್ತೆ ಕನ್ನಡ. ದೆಹಲಿಯಲ್ಲಿ ತಯಾರಾಗಿ ಕನ್ನಡಕ್ಕೆ ಇಳಿದ ಪಾಠಗಳ ಭಾಷೆ ಎಷ್ಟೋ ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಅಕ್ಕ ಕೆಲವು ವಾಕ್ಯಗಳನ್ನು ಫೋನಿನಲ್ಲಿ ಓದಿ ಹೇಳುತ್ತಾಳೆ. ಶುದ್ಧ ಕನ್ನಡ ಅಕ್ಷರ, ಆದರೆ ಯಾರೂ ಆಡದ ಕನ್ನಡ. ರಾಯಚೂರಿನ ತರಗತಿ ನೋಡಿದವರು ಕೂತು ಬರೆದರೆ ಹಾಗಾಗುವುದಿಲ್ಲ.

ಈ ವಿಷಯದಲ್ಲಿ ಎರಡೂ ರಾಜ್ಯ ಕೈ ಜೋಡಿಸುವ ಒಂದು ಜಾಗ ಇದೆ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳು. ಅವು ಕೇರಳ ಸರ್ಕಾರದ ಪಠ್ಯಕ್ರಮದಲ್ಲೇ ಕನ್ನಡದಲ್ಲಿ ಕಲಿಸುತ್ತವೆ. 2020ರ ಜೂನ್‌ನಲ್ಲಿ ಕೈಟ್‌ನ ವಿಕ್ಟರ್ಸ್ ಟಿವಿ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಎಂಬ ಪಾಠಗಳು ಶುರುವಾದ ಮೇಲೆ ಕನ್ನಡದಲ್ಲೂ ತಯಾರಾದವು. ಅಲ್ಲಿನ ಶಿಕ್ಷಕರು ಕೈಟ್ ತರಬೇತಿಯಲ್ಲೇ ಬೆಳೆದವರು, ಆಡುವುದು ಕನ್ನಡ. ದಕ್ಷಿಣ ಕನ್ನಡದ ಶಾಲೆಗಳಿಂದ ಅವರ ಶಾಲೆಗಳು ದೂರವೂ ಇಲ್ಲ. ಗಡಿಯ ಆಚೆ ಈಚೆ ಹತ್ತು ಹತ್ತು ಶಿಕ್ಷಕರನ್ನು ಒಂದು ಆನ್‌ಲೈನ್ ಗುಂಪಿನಲ್ಲಿ ಸೇರಿಸಿ, ಆರನೇ ತರಗತಿಯ ಭಿನ್ನರಾಶಿಯಿಂದಲೋ ವಿದ್ಯುತ್ ಮಂಡಲದಿಂದಲೋ ಶುರು ಮಾಡಬಹುದು. ಕಾಸರಗೋಡಿನವರು ತಮ್ಮ ಮೆಂಟರ್ ಪದ್ಧತಿ ತೋರಿಸಲಿ. ನಮ್ಮವರು ನಲಿ ಕಲಿ ಕಾರ್ಡು, ಕೋಯರ್ ಪಾಠ ತರಲಿ. ಇದಕ್ಕೆ ಹೊಸ ಆ್ಯಪ್ ಬೇಡ, ಹೊಸ ಕಟ್ಟಡ ಬೇಡ. ಎರಡು ಡಯಟ್‌ಗಳು, ಮಂಗಳೂರಿನದ್ದು ಮತ್ತು ಕಾಸರಗೋಡಿನದ್ದು, ಒಂದು ದಿನ ಕೂತು ಮಾತಾಡಿದರೆ ಮುಂದಿನ ಜೂನ್‌ಗೆ ಮೊದಲ ಗುಂಪು ಶುರು ಮಾಡಬಹುದು.