ಫುಜಿಯಾನ್ ಅಣುಶಕ್ತಿಯಿಂದ ಓಡುವ ಹಡಗಲ್ಲ

ಚೀನಾದ ಹೊಸ ವಿಮಾನವಾಹಕ ನೌಕೆ 'ಫುಜಿಯಾನ್' ಅಣುಶಕ್ತಿಯಿಂದ ಓಡುತ್ತದೆ, ಚೀನಾದ ನೌಕಾಪಡೆ ಅಮೆರಿಕವನ್ನೂ ಹಿಂದೆ ಹಾಕಿದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೊದಲ ಮಾತು ಸುಳ್ಳು. ಎರಡನೆಯದು ಅರ್ಧ ನಿಜ.

2025ರ ನವೆಂಬರ್‌ನಲ್ಲಿ ಸೇವೆಗೆ ಸೇರಿದ ಫುಜಿಯಾನ್ ಮಾಮೂಲಿ ತೈಲದಲ್ಲೇ ಓಡುವ ಹಡಗು. ಗೊಂದಲ ಹುಟ್ಟಿದ್ದು ಬಹುಶಃ ಅದರ ವಿದ್ಯುತ್ಕಾಂತೀಯ ಕವಣೆಯಿಂದ. ವಿಮಾನವನ್ನು ಡೆಕ್‌ನಿಂದ ರೊಯ್ಯನೆ ಚಿಮ್ಮಿಸುವ ಸಾಧನ ಅದು. ಇಂಥ ಕವಣೆ ಈ ಮೊದಲು ಇದ್ದದ್ದು ಅಮೆರಿಕದ ಅಣುಶಕ್ತಿ ನೌಕೆ 'ಜೆರಾಲ್ಡ್ ಫೋರ್ಡ್'ನಲ್ಲಿ ಮಾತ್ರ. ಹಾಗಾಗಿ ಎರಡನ್ನೂ ಒಂದೇ ಅಂದುಕೊಂಡಿರಬೇಕು. ಕವಣೆ ಮಾತ್ರ ದೊಡ್ಡ ಸಾಧನೆಯೇ, ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಇದರಿಂದ ಹೆಚ್ಚು ಇಂಧನ, ಶಸ್ತ್ರ ಹೊತ್ತ ವಿಮಾನಗಳೂ ಮೇಲೇರಬಹುದು. ಚೀನಾದ ಹಳೆಯ 'ಲಿಯಾವೊನಿಂಗ್', 'ಶಾಂಡಾಂಗ್' ನೌಕೆಗಳಲ್ಲಿ ಇರುವುದು ಮೇಲೆ ಬಾಗಿದ ರನ್‌ವೇ. ಕಾರವಾರದಲ್ಲಿ ನೆಲೆ ಹೊಂದಿರುವ ನಮ್ಮ ವಿಕ್ರಮಾದಿತ್ಯದಲ್ಲೂ ಅದೇ.

ಇನ್ನು ಎರಡನೆಯ ಮಾತು. ಯುದ್ಧನೌಕೆಗಳ ಲೆಕ್ಕದಲ್ಲಿ ಚೀನಾ ಮುಂದಿದೆ, ಅದು ನಿಜ. ಆದರೆ ಒಟ್ಟು ತೂಕದಲ್ಲಿ ಅಮೆರಿಕವೇ ಜಾಸ್ತಿ. ಅದರ 11 ವಿಮಾನವಾಹಕ ನೌಕೆಗಳೂ ಅಣುಶಕ್ತಿಯವು. ಚೀನಾದ ಬಳಿ ಇರುವುದು ಮೂರು.

ಹಾಗಂತ ನೆರೆಯವರಿಗೆ ಚಿಂತೆ ಇಲ್ಲವೆಂದಲ್ಲ. 2025ರ ಜೂನ್‌ನಲ್ಲಿ ಚೀನಾದ ಎರಡು ವಿಮಾನವಾಹಕ ನೌಕೆಗಳು ಒಟ್ಟಿಗೇ ಪೆಸಿಫಿಕ್‌ಗೆ ಇಳಿದದ್ದನ್ನು ಜಪಾನ್ ದೃಢಪಡಿಸಿತ್ತು. ಫಿಲಿಪ್ಪೀನ್ಸ್‌ಗೆ ಸದ್ಯದ ತಲೆನೋವು ಬೇರೆ: ದಕ್ಷಿಣ ಚೀನಾ ಸಮುದ್ರದಲ್ಲಿ ಎರಡೂ ದೇಶಗಳು ತಮ್ಮದೆನ್ನುವ ಸ್ಕಾರ್ಬರೋ ದಿಬ್ಬದ ಬಳಿ ಅದರ ದೋಣಿಗಳಿಗೆ ಜಲಫಿರಂಗಿ ಹಾರಿಸುತ್ತಿರುವುದು ಚೀನಾದ ಕರಾವಳಿ ಕಾವಲುಪಡೆ, ನೌಕಾಪಡೆಯ ದೈತ್ಯ ಹಡಗುಗಳಲ್ಲ.