ಹಾರ್ಟಿನವರ ರೌಂಡು

ಕಲಬುರಗಿಯ ಅಪ್ಪನ ಕೆರೆ ಹತ್ತಿರ ಬೆಳಿಗ್ಗೆ ವಾಕಿಂಗ್ ಬರುವವರು ನಮಸ್ಕಾರ ಹೇಳೋದು ಕಡಿಮೆ. ಎದುರಾದ ಕೂಡಲೇ ಕೇಳೋದು ಒಂದೇ: ‘ಎಷ್ಟ್ ರೌಂಡ್ ಆದವ್ರಿ?’

ನನಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿ ನಾಲ್ಕು ವರ್ಷ ಆಯ್ತು. ಮೊದಲ ಮೂರು ತಿಂಗಳು ಫಿಸಿಯೋಥೆರಪಿಸ್ಟ್ ಎದುರಿಗೇ ನಿಂತು ನಡೆಸುತ್ತಿದ್ದರು, ಬಿಪಿ ನೋಡುತ್ತಿದ್ದರು, ಅವರು ಸಾಕು ಅಂದರೆ ಸಾಕು. ಆಮೇಲೆ, ವಾರಕ್ಕೆ 150 ನಿಮಿಷದಂತೆ ಇನ್ನು ಜೀವನಪೂರ್ತಿ ನೀವೇ ಮಾಡ್ಕೊಳ್ಳಿ ಅಂತ ಕಳಿಸಿಬಿಟ್ಟರು. ನಿಮಿಷದ ಲೆಕ್ಕ ಸುಲಭ. ಎಷ್ಟು ಜೋರಾಗಿ ನಡೆಯಬೇಕು ಅನ್ನೋದೇ ತಲೆನೋವು.

ನಮ್ಮ ಗುಂಪಿನಲ್ಲಿ ನಾವು ನಾಲ್ವರು ‘ಹಾರ್ಟಿನವರು’. ಒಬ್ಬರಿಗೆ ಮಗ ಸ್ಮಾರ್ಟ್‌ವಾಚ್ ಕೊಡಿಸಿದ್ದಾನೆ. ‘ಇಷ್ಟ್ ಜೋರ್ ನಡೆದ್ರೂ 96 ದಾಟವಲ್ದು ನೋಡ್ರಿ, ಹಾರ್ಟ್ ಹುಡುಗರದ್ದಾಗ್ಯಾದ’ ಅಂತ ಕೈ ಚಾಚುತ್ತಾರೆ. ದಿನಾ ಬೀಟಾ ಬ್ಲಾಕರ್ ನುಂಗುವ ಮನುಷ್ಯ. ಬಡಿತ ಏರದಂತೆ ಹಿಡಿಯೋದೇ ಆ ಗುಳಿಗೆಯ ಕೆಲಸ. 220ರಲ್ಲಿ ವಯಸ್ಸು ಕಳೆದು ಗರಿಷ್ಠ ನಾಡಿಬಡಿತ ಅಂದಾಜು ಮಾಡೋ ಲೆಕ್ಕ ನಮಗೆ ನಡೆಯೋದಿಲ್ಲ, ಆದರೆ ವಾಚಿಗೆ ಗುಳಿಗೆ ವಿಷಯ ಯಾರು ಹೇಳಬೇಕು?

ಅದಕ್ಕೇ ನನಗೆ ಬೋರ್ಗ್ ಅಳತೆ ಕಲಿಸಿದ್ದರು, ಅಂದರೆ ಎಷ್ಟು ದಣಿವಾಗ್ತಿದೆ ಅಂತ ನಾವೇ ಅಂಕಿ ಕೊಟ್ಟುಕೊಳ್ಳೋದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ್ದು. ಸುಮ್ನೆ ಕೂತಿದ್ದರೆ 6, ಇನ್ನು ಒಂದು ಹೆಜ್ಜೆಯೂ ಆಗಲ್ಲಪ್ಪಾ ಅಂದರೆ 20. ಶುರು 6ರಿಂದ ಯಾಕಂದರೆ, ಹತ್ತರಿಂದ ಗುಣಿಸಿದರೆ ಹೆಚ್ಚು ಕಡಿಮೆ ನಾಡಿಬಡಿತ ಸಿಗಲಿ ಅಂತ (ನಮ್ಮ ಗುಳಿಗೆ ಆ ಗುಣಾಕಾರವನ್ನೂ ಕೆಡಿಸುತ್ತದೆ, ಆ ಮಾತು ಬೇರೆ). ನನಗೆ ಹೇಳಿದ್ದು 11ರಿಂದ 13ರೊಳಗೆ ಇರಿ ಅಂತ. ಮನೆಗೆ ಬಂದು ‘ಇವತ್ತು 12’ ಅಂದರೆ, ಹೆಂಡತಿ ನನ್ನ ತೊಯ್ದ ಅಂಗಿ ನೋಡಿ ‘16 ಆಗ್ಯಾದ. ಮತ್ತ ಯಾರ ಸಂಗಟ ರೇಸ್ ಹಚ್ಚಿದ್ರಿ?’ ಅನ್ನುತ್ತಾಳೆ. ಬಿಸಿಲಿನದೂ ಪಾಲಿದೆ ಅಂತ ನನ್ನ ವಾದ. ಸೆಕೆಯಲ್ಲಿ ಮೈ ತಂಪಾಗಿಡಲು ಹೃದಯ ಚರ್ಮಕ್ಕೂ ಜಾಸ್ತಿ ರಕ್ತ ಕಳಿಸಬೇಕು, ಹಾಗಾಗಿ ಡಿಸೆಂಬರಿನ 12 ನಮ್ಮೂರಿನ ಮೇ ತಿಂಗಳಲ್ಲಿ 12 ಆಗಿ ಉಳಿಯೋದಿಲ್ಲ.

ಇನ್ನೊಂದು ಪರೀಕ್ಷೆ ಇದೆ: ನಡೀತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಇದು ಬೇರೆ ಊರಲ್ಲಿ ನಡೆಯಬಹುದು. ನಮ್ಮಲ್ಲಿ ಮಾತು ಶುರುವಾದರೆ ಕಾಲು ನಿಲ್ಲುತ್ತವೆ! ಅದರಲ್ಲೂ ತೊಗರಿ ರೇಟಿನ ವಿಷಯ ಬಂದರೆ ಮುಗೀತು, 40 ನಿಮಿಷದ ವಾಕಿಂಗಿನಲ್ಲಿ 20 ನಿಮಿಷ ಕೆರೆ ದಂಡೆಯಲ್ಲಿ ಸಭೆ.

ಆದರೂ ಹೋದ ವಾರ ಅದೇ ಪರೀಕ್ಷೆ ಕೆಲಸಕ್ಕೆ ಬಂತು. ನಮ್ಮ ಬೈಪಾಸ್ ಕಾಕಾ ಹುಡುಗರ ಗುಂಪೊಂದನ್ನು ಹಿಂದೆ ಹಾಕುವ ಹುರುಪಿನಲ್ಲಿ ಸರಸರ ಹೊರಟಿದ್ದರು. ಹೇಗೋ ಜೊತೆಗೂಡಿ ‘ಕಾಕಾ, ತೊಗರಿ ಹ್ಯಾಂಗದ?’ ಅಂದೆ. ‘ಹ್ಞೂಂ’ ಅಂದರು. ಅಷ್ಟೇ. ತೊಗರಿ ಬಗ್ಗೆ ಅರ್ಧ ಗಂಟೆ ಮಾತಾಡೋ ಮನುಷ್ಯ! ಎದಿ ನೋಯ್ತದೇನು ಅಂತ ಕೇಳಿದೆ, ಇಲ್ಲ ಅಂತ ತಲೆ ಆಡಿಸಿದರು. ಬೆಂಚಿನ ಮೇಲೆ ದೊಪ್ಪನೆ ಕೂರಲು ಹೊರಟಾಗ ವಾಚಿನವರು ಮೊಣಕೈ ಹಿಡಿದುಕೊಂಡರು. ಜೋರಾಗಿ ನಡೆದು ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ಬಿಪಿ ಇಳಿದು ತಲೆ ಸುತ್ತುತ್ತದೆ. ಮೂವರೂ ಮೆಲ್ಲಗೆ, ಮದುವೆ ಮೆರವಣಿಗೆ ಹಾಗೆ, ಅರ್ಧ ಸುತ್ತು ನಡೆದೆವು. ನೇರಳೆ ಮರ ದಾಟಿದ ಮೇಲೆ ಕಾಕಾ ಉಸಿರು ಎಳೆದುಕೊಂಡು ಬಾಯಿಬಿಟ್ಟರು:

‘ಈ ಸಲ ರೇಟ್ ಬಿದ್ದದ ನೋಡ್ರಿ...’

ಗೇಟ್ ಬರೋವರೆಗೂ ನಿಲ್ಲಿಸಲಿಲ್ಲ.